ಹಿಂಬಾಗಿಲಿನಿಂದ ಹೋದ ಮಕ್ಕಳು

ಒಂದು ಬಾಗಿಲಿನ ಕಥೆಯಿಂದ ಶುರು ಮಾಡುತ್ತೇನೆ. ಸ್ವೀಡನ್ ದೇಶದ ಕಥೆ, 1968ಕ್ಕಿಂತ ಹಿಂದಿನದು. ಹೈಸ್ಕೂಲಿನ ಅಂಗಳದಲ್ಲಿ ಜನ ತುಂಬಿದ್ದಾರೆ. ಅಪ್ಪ, ಅಮ್ಮ, ಅಜ್ಜಿ, ತಮ್ಮ, ತಂಗಿ ಎಲ್ಲರ ಕೈಯಲ್ಲೂ ಹೂವು. ಒಳಗೆ ಕೊನೆಯ ವರ್ಷದ ಮಕ್ಕಳಿಗೆ ಮೌಖಿಕ ಪರೀಕ್ಷೆ ನಡೆಯುತ್ತಿದೆ. ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳುತ್ತಿದ್ದಾರೆ. ಪರೀಕ್ಷೆ ಮುಗಿದು ಫಲಿತಾಂಶ ಹೇಳಿದ ಮೇಲೆ ಪಾಸಾದವರು ಬಿಳಿ ಟೋಪಿ ಹಾಕಿಕೊಂಡು ಮುಂಬಾಗಿಲಿನಿಂದ ಓಡಿ ಬರುತ್ತಾರೆ. ಮನೆಯವರು ಅವರನ್ನು ಎತ್ತಿ ಕುಣಿಸುತ್ತಾರೆ. ಫೇಲಾದವರು ಏನಾಗುತ್ತಿದ್ದರು ಗೊತ್ತಾ? ಅವರನ್ನು ಹಿಂಬಾಗಿಲಿನಿಂದ ಕಳಿಸುತ್ತಿದ್ದರು.

ಇದನ್ನು ಓದಿದ ಮೇಲೆ ಆ ಹಿಂಬಾಗಿಲು ನನ್ನ ತಲೆಯಿಂದ ಹೋಗಲೇ ಇಲ್ಲ. ನೀವೇ ಊಹಿಸಿಕೊಳ್ಳಿ. ಅಂಗಳದಲ್ಲಿ ಒಬ್ಬ ತಾಯಿ ಹೂವು ಹಿಡಿದು ನಿಂತಿದ್ದಾಳೆ. ಓಡಿ ಬರುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಾಳೆ. ಬರುವವರು ಕಡಿಮೆಯಾಗುತ್ತಾ ಹೋಗುತ್ತಾರೆ. ಆಮೇಲೆ ಯಾರೂ ಬರುವುದಿಲ್ಲ. ಅವಳ ಮಗ ಆ ಹೊತ್ತಿಗೆ ಕಟ್ಟಡದ ಹಿಂದಿನ ಬೀದಿಯಲ್ಲಿ ಒಬ್ಬನೇ ನಡೆಯುತ್ತಿದ್ದಾನೆ.

1968ರಲ್ಲಿ ಆ ಪರೀಕ್ಷೆಯನ್ನೇ ತೆಗೆದುಹಾಕಿದರು. ಪರೀಕ್ಷೆ ಹೋದ ಮೇಲೆ ಟೋಪಿಯೂ ಹೋಗುತ್ತದೆ ಎಂದುಕೊಳ್ಳಬಹುದು. ಕೆಲವು ವರ್ಷ ಹಾಗೆಯೇ ಆಯಿತು, ಎಪ್ಪತ್ತರ ದಶಕದಲ್ಲಿ ಟೋಪಿ ಹಾಕುವವರು ಕಡಿಮೆಯಾದರು. ಆದರೆ ಆಮೇಲೆ ಟೋಪಿ ಮತ್ತೆ ಬಂತು. ಈಗಲೂ ಕೊನೆಯ ದಿನ ಮಕ್ಕಳು ಬಿಳಿ ಟೋಪಿ ಹಾಕಿಕೊಂಡು ಶಾಲೆಯಿಂದ ಓಡಿ ಬರುತ್ತಾರೆ. ಮನೆಯವರು ಉದ್ದ ಕೋಲಿಗೆ ದೊಡ್ಡ ಫಲಕ ಕಟ್ಟಿ ಎತ್ತಿ ಹಿಡಿದಿರುತ್ತಾರೆ. ಅದರಲ್ಲಿ ಆ ಹುಡುಗನದೋ ಹುಡುಗಿಯದೋ ಚಿಕ್ಕಂದಿನ ಫೋಟೋ ಇರುತ್ತದೆ. ಟಬ್ಬಿನಲ್ಲಿ ಕೂತ ಮಗು, ಬಾಯಿ ತುಂಬ ಅನ್ನ ಮೆತ್ತಿಕೊಂಡ ಮಗು, ಹೀಗೆ. ಆ ಗುಂಪಿನಲ್ಲಿ ತನ್ನ ಮನೆಯವರು ಎಲ್ಲಿದ್ದಾರೆ ಎಂದು ಹುಡುಕಲು ಮಕ್ಕಳಿಗೆ ಆ ಫೋಟೋನೇ ಗುರುತು. ಓಡಿ ಹೋಗಿ ಅಲ್ಲಿ ನಿಂತರೆ ಕೊರಳಿಗೆ ನೀಲಿ ಹಳದಿ ರಿಬ್ಬನ್ ಕಟ್ಟಿದ ಹೂಗೊಂಚಲುಗಳನ್ನು ಒಂದರ ಮೇಲೊಂದು ಹಾಕುತ್ತಾರೆ.

ಪರೀಕ್ಷೆ ಹೋಯಿತು, ಟೋಪಿ ಉಳಿಯಿತು. ಹಿಂಬಾಗಿಲು ಮುಚ್ಚಿತು. ಇವತ್ತು ನಾನು ಹೇಳಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಪ್ರತಿ ದೇಶವೂ ಏನೇನೋ ಸಂಪ್ರದಾಯ ಕಟ್ಟಿಕೊಂಡಿದೆ. ಕುಣಿತ, ಮೆರವಣಿಗೆ, ಟೋಪಿ, ಲಾರಿ. ಯಾವುದನ್ನೇ ನೋಡಿದರೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ಸೇರಲು ಆ ತರಗತಿಯ ಮಗು ಆಗಿದ್ದರೆ ಸಾಕಾ, ಇಲ್ಲ ಬೇರೆ ಏನಾದರೂ ಬೇಕಾ?

ಇಂಥ ಆಚರಣೆ ಯಾಕೆ ಬೇಕು, ಓದು ಮುಗಿಯಿತು ಮನೆಗೆ ಹೋದರೆ ಆಗದಾ ಎಂದು ಕೆಲವು ಪೋಷಕರು ಕೇಳುತ್ತಾರೆ. ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸರು 1909ರಲ್ಲೇ ಇದರ ಬಗ್ಗೆ ಬರೆದರು. ಮನುಷ್ಯ ಬದುಕಿನ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟುವಾಗ ಎಲ್ಲ ಸಮಾಜಗಳೂ ಮೂರು ಹೆಜ್ಜೆ ಇಡಿಸುತ್ತವೆ ಎಂದರು. ಮೊದಲು ಹಳೆಯದರಿಂದ ಬಿಡಿಸುವುದು, ಆಮೇಲೆ ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ನಿಲ್ಲಿಸುವುದು, ಕೊನೆಗೆ ಹೊಸದರೊಳಗೆ ಸೇರಿಸಿಕೊಳ್ಳುವುದು. ಹೈಸ್ಕೂಲಿನ ಕೊನೆಯ ವರ್ಷ ಇಡೀ ಒಂದು ಹೊಸ್ತಿಲು ಅಲ್ವಾ? ಶಾಲೆಯಲ್ಲಿ ಅವರೇ ಎಲ್ಲರಿಗಿಂತ ದೊಡ್ಡವರು. ಹೊರಗಿನ ಲೋಕದಲ್ಲಿ ಇನ್ನೂ ಯಾರೂ ಅಲ್ಲ.

ಇನ್ನೊಂದು ಮಾತು ನಾನು ಸೇರಿಸುತ್ತೇನೆ. ತರಗತಿ ಎಂಬುದು ನಾವು ಆರಿಸಿಕೊಂಡ ಗುಂಪಲ್ಲ. ಒಂದೇ ವಯಸ್ಸು, ಒಂದೇ ಹಾಜರಿ ಪುಸ್ತಕ, ಅಷ್ಟೇ ಕಾರಣ. ಜಾಣ, ಪೆದ್ದ, ಜಗಳಗಂಟ, ಮಾತೇ ಆಡದ ಹುಡುಗಿ, ಎಲ್ಲರೂ ಪಕ್ಕಪಕ್ಕ ಕೂತಿರುತ್ತಾರೆ. ಇದಾದ ಮೇಲೆ ಕಾಲೇಜು, ಕೆಲಸ, ಮದುವೆ, ಎಲ್ಲ ಕಡೆ ಯಾರೋ ಯಾರನ್ನೋ ಆರಿಸುತ್ತಾರೆ. ಆರಿಸದೇ ಸಿಕ್ಕ ಜನರ ಜೊತೆ ಇಷ್ಟು ವರ್ಷ ಕೂರುವುದು ಬಹಳ ಮಂದಿಗೆ ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಆ ಕೊನೆಯ ದಿನಗಳನ್ನು ಕೂಡಿ ಕಳೆಯಬೇಕು ಎನ್ನುವುದು.

ಈಗ ಪೋಲೆಂಡಿಗೆ ಬನ್ನಿ. ಅಲ್ಲಿ ಕೊನೆಯ ಪರೀಕ್ಷೆಗೆ ಮಾತುರಾ ಎನ್ನುತ್ತಾರೆ. ಅದಕ್ಕೆ ಸುಮಾರು ನೂರು ದಿನ ಇರುವಾಗ ಒಂದು ದೊಡ್ಡ ನೃತ್ಯಸಂಜೆ. ಹೆಸರು ಸ್ತುದ್ನಿಯೂಫ್ಕಾ. ಆ ಹೆಸರಿನಲ್ಲೇ ನೂರು ದಿನ ಎಂಬ ಅರ್ಥ ಇದೆ. ಶುರುವಾಗುವುದು ಪೊಲೊನೇಸ್ ಎಂಬ ಹಳೆಯ ನಡಿಗೆಯ ಕುಣಿತದಿಂದ. ಜೋಡಿ ಜೋಡಿಯಾಗಿ ಸಾಲು ಹೊರಡುತ್ತದೆ, ಎರಡಾಗಿ ಒಡೆಯುತ್ತದೆ, ಮತ್ತೆ ಕೂಡುತ್ತದೆ, ಕೈಗಳ ಕಮಾನಿನ ಕೆಳಗೆ ನುಸುಳುತ್ತದೆ. ಕುಣಿಯಲು ಬಾರದವರೂ ಇದನ್ನು ಮಾಡಬಹುದು, ಏಕೆಂದರೆ ಮುಖ್ಯವಾಗಿ ಇದರಲ್ಲಿ ಇರುವುದು ನಡಿಗೆ. ಯುನೆಸ್ಕೊ 2023ರಲ್ಲಿ ಈ ಕುಣಿತವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಂಜೆ ಒಳಗೆ ಏನಾದರೂ ಕೆಂಪು ಬಟ್ಟೆ ಹಾಕಿಕೊಂಡಿರಬೇಕು, ಆಮೇಲೆ ಪರೀಕ್ಷೆ ಮುಗಿಯುವ ತನಕ ಕೂದಲು ಕತ್ತರಿಸಬಾರದು, ಇಲ್ಲದಿದ್ದರೆ ಓದಿದ್ದು ಮರೆತುಹೋಗುತ್ತದೆ ಎಂಬ ನಂಬಿಕೆಗಳೂ ಇವೆ. ಪರೀಕ್ಷೆಯ ಭಯ ಎಲ್ಲ ಕಡೆ ಒಂದೇ.

ನನ್ನ ಗಮನ ಸೆಳೆದದ್ದು ಆ ನೂರು ದಿನ. ಪರೀಕ್ಷೆ ಆದ ಮೇಲೆ ಯಾಕೆ ಕುಣಿಯುವುದಿಲ್ಲ, ಮೊದಲೇ ಯಾಕೆ? ಅವರು ಬೇಕೆಂದೇ ಹೀಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಅದರಿಂದ ಆಗುವುದನ್ನು ನೋಡಿ. ನೂರು ದಿನ ಮೊದಲು ಯಾರೂ ಫೇಲಾಗಿಲ್ಲ. ಯಾರಿಗೂ ರ‍್ಯಾಂಕ್ ಬಂದಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ನಡೆಯಬಹುದು. ಹಿಂಬಾಗಿಲಿನ ಮಾತೇ ಬರುವುದಿಲ್ಲ.

ಫಿನ್ಲೆಂಡಿನಲ್ಲೂ ಪರೀಕ್ಷೆಗೆ ಮೊದಲೇ ಆಚರಣೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಅಲ್ಲಿ ಕೊನೆಯ ವರ್ಷದವರನ್ನು ಅಬಿ ಎಂದು ಕರೆಯುತ್ತಾರೆ. ಫೆಬ್ರವರಿ ನಡುವಿನಲ್ಲಿ ಅವರ ಪಾಠಗಳು ಮುಗಿಯುತ್ತವೆ. ಆಮೇಲೆ ಮನೆಯಲ್ಲೇ ಓದು, ಮಾರ್ಚ್‌ನಲ್ಲಿ ಪರೀಕ್ಷೆ. ಪಾಠ ಮುಗಿದ ಆ ಕೊನೆಯ ದಿನ ಪೆಂಕ್ಕಾರಿತ್. ಹೊರಗೆ ಹಿಮ, ಮೈ ಕೊರೆಯುವ ಚಳಿ. ಮಕ್ಕಳು ವೇಷ ಹಾಕಿಕೊಂಡು ತೆರೆದ ಲಾರಿಗಳನ್ನು ಹತ್ತುತ್ತಾರೆ. ಲಾರಿಯ ಪಕ್ಕಕ್ಕೆ ತಾವೇ ಬರೆದ ಬ್ಯಾನರ್ ಕಟ್ಟಿರುತ್ತಾರೆ. ಊರ ಬೀದಿಯಲ್ಲಿ ಕೂಗುತ್ತಾ ಸಾಗುತ್ತಾರೆ. ಮೇಲಿನಿಂದ ಮಿಠಾಯಿ ಎಸೆಯುತ್ತಾರೆ. ಬೀದಿ ಬದಿಯಲ್ಲಿ ಚಿಕ್ಕ ಮಕ್ಕಳು ಕೈಚೀಲ ಹಿಡಿದು ಕಾಯುತ್ತಿರುತ್ತಾರೆ. ಹಿಮದಲ್ಲಿ ಬಿದ್ದ ಮಿಠಾಯಿಯನ್ನು ಕೈಗವಸು ಹಾಕಿಕೊಂಡೇ ಹೆಕ್ಕುತ್ತಾರೆ.

ಲಾರಿ ಹೋಯಿತು, ಅಬಿಗಳು ಹೋದರು. ಮಾರನೆಯ ದಿನವೇ ಇನ್ನೊಂದು ಹಬ್ಬ. ಈಗ ಶಾಲೆಯಲ್ಲಿ ದೊಡ್ಡವರು ಯಾರು? ಎರಡನೇ ವರ್ಷದವರು. ಅವರನ್ನು ಆ ದಿನ ಹಿರಿಯರು ಎಂದೇ ಕರೆಯುತ್ತಾರೆ. ಹುಡುಗಿಯರು ನೆಲ ಮುಟ್ಟುವ ಗೌನು, ಹುಡುಗರು ಬಾಲವಿರುವ ಕಪ್ಪು ಕೋಟು. ತಿಂಗಳುಗಟ್ಟಲೆ ಕಲಿತ ಹಳೇ ಕಾಲದ ಕುಣಿತಗಳನ್ನು ಶಾಲೆಯ ಸಭಾಂಗಣದಲ್ಲೋ ಜಿಮ್ಮಿನಲ್ಲೋ ಕುಣಿಯುತ್ತಾರೆ. ನೋಡುವವರು ಯಾರು? ಅಪ್ಪ ಅಮ್ಮ, ಟೀಚರುಗಳು, ಶಾಲೆಯ ಚಿಕ್ಕ ಮಕ್ಕಳು. ಒಂದು ದಿನ ಒಬ್ಬರು ಇಳಿದರು, ಮಾರನೆಯ ದಿನ ಇನ್ನೊಬ್ಬರು ಏರಿದರು. ಕುರ್ಚಿ ಒಂದು ದಿನವೂ ಖಾಲಿ ಬೀಳಲಿಲ್ಲ. ನಾವು ಸಾಮಾನ್ಯವಾಗಿ ಹೋಗುವವರ ಬಗ್ಗೆಯೇ ಯೋಚಿಸುತ್ತೇವೆ. ಇಲ್ಲಿ ಉಳಿಯುವವರಿಗೂ ಒಂದು ದಿನ ಇದೆ.

ಉಳಿಯುವವರ ಮಾತು ಬಂತಲ್ಲ, ಎರಡು ಚಿತ್ರ ಸುಮ್ನೆ ಹೇಳಿಬಿಡುತ್ತೇನೆ. ರಷ್ಯಾದಲ್ಲಿ ಮೇ ತಿಂಗಳ ಕೊನೆಗೆ ಕೊನೆಯ ಗಂಟೆ ಎಂಬ ಆಚರಣೆ. ಹೆಸರಿಗೆ ತಕ್ಕಂತೆ ಗಂಟೆಯೇ ಅದರ ಜೀವ. ಕೊನೆಯ ವರ್ಷದ ಒಬ್ಬ ಎತ್ತರದ ಹುಡುಗ ಒಂದನೇ ತರಗತಿಯ ಪುಟ್ಟ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತುತ್ತಾನೆ. ಅವಳ ತಲೆಯಲ್ಲಿ ದೊಡ್ಡ ಬಿಳಿ ರಿಬ್ಬನ್. ಕೈಯಲ್ಲಿ ಹಿಡಿಗಂಟೆ. ಅವಳು ಅದನ್ನು ಬಾರಿಸುತ್ತಾ ಹೋಗುತ್ತಾಳೆ. ಅವನಿಗೆ ಶಾಲೆ ಮುಗಿಯಿತು ಎಂದು ಹೇಳುವವಳು ಈಗಷ್ಟೇ ಶಾಲೆಗೆ ಸೇರಿದವಳು.

ದಕ್ಷಿಣ ಕೊರಿಯಾದ್ದು ಇನ್ನೊಂದು. ಅಲ್ಲಿ ನವೆಂಬರ್‌ನಲ್ಲಿ ಸುನುಂಗ್ ಎಂಬ ದೊಡ್ಡ ಪರೀಕ್ಷೆ. ಇಂಗ್ಲಿಷ್ ಕೇಳಿ ಬರೆಯುವ ಭಾಗ ನಡೆಯುವಾಗ ಸುಮಾರು ಅರ್ಧ ಗಂಟೆ ದೇಶದಲ್ಲಿ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಅದು ಸುದ್ದಿಯಲ್ಲಿ ಬರುತ್ತದೆ. ನನಗೆ ಮುಖ್ಯವಾಗಿ ಕಂಡದ್ದು ಗೇಟಿನ ಹೊರಗಿನ ದೃಶ್ಯ. ಇನ್ನೂ ಕತ್ತಲು ಇರುವಾಗಲೇ ಕೆಳಗಿನ ತರಗತಿಯ ಮಕ್ಕಳು ಡೋಲು, ಫಲಕ ಹಿಡಿದು ಬಂದು ನಿಲ್ಲುತ್ತಿದ್ದರು. ಒಳಗೆ ಹೋಗುವ ಅಣ್ಣಂದಿರು, ಅಕ್ಕಂದಿರಿಗೆ ಕೂಗಿ ಧೈರ್ಯ ಹೇಳುತ್ತಿದ್ದರು. ಪರೀಕ್ಷೆ ಒಬ್ಬೊಬ್ಬರೇ ಬರೆಯಬೇಕು ನಿಜ. ಆದರೆ ಗೇಟಿನ ತನಕ ಒಬ್ಬರೇ ಹೋಗಬೇಕಾಗಿಲ್ಲ.

ಮತ್ತೆ ನನ್ನ ಪ್ರಶ್ನೆಗೆ ಬರುತ್ತೇನೆ. ಸೇರಲು ತರಗತಿಯ ಮಗು ಆಗಿದ್ದರೆ ಸಾಕಾ?

ಹಂಗೆರಿಯಲ್ಲಿ ಸಾಕು. ಅಲ್ಲಿ ಕೊನೆಯ ವರ್ಷದವರು ಶಾಲೆಯೊಳಗೆ ನಡೆದು ವಿದಾಯ ಹೇಳುತ್ತಾರೆ. ಒಬ್ಬರ ಹಿಂದೆ ಒಬ್ಬರು ಸಾಲು ನಿಂತು ಮುಂದಿನವರ ಹೆಗಲ ಮೇಲೆ ಕೈ ಇಡುತ್ತಾರೆ. ಇನ್ನೊಂದು ಕೈಯಲ್ಲಿ ಹೂವು. ಹೆಗಲಿಗೆ ಒಂದು ಪುಟ್ಟ ಜೋಳಿಗೆ. ಸಂಪ್ರದಾಯದಂತೆ ಆ ಜೋಳಿಗೆಯಲ್ಲಿ ಒಂದು ಸಣ್ಣ ರೊಟ್ಟಿ, ಸ್ವಲ್ಪ ಉಪ್ಪು, ಒಂದು ಹಿಡಿ ಮಣ್ಣು, ಒಂದು ನಾಣ್ಯ ಇರುತ್ತದೆ, ದೂರದ ದಾರಿಗೆ ಹೊರಟವರಿಗೆ ಕಟ್ಟಿಕೊಟ್ಟ ಬುತ್ತಿಯ ಹಾಗೆ. ಹಾಡುತ್ತಾ ಒಂದೊಂದು ತರಗತಿಯ ಕೋಣೆಗೂ ಹೋಗಿ ಬರುತ್ತಾರೆ. ಈ ಪದ್ಧತಿ ಶೆಲ್ಮೆಟ್ಸ್‌ಬಾನ್ಯಾ ಎಂಬ ಊರಿನ ಗಣಿ ವಿದ್ಯಾಲಯದಿಂದ ಬಂದದ್ದು. ಆ ಊರು ಈಗ ಸ್ಲೊವಾಕಿಯಾದಲ್ಲಿದೆ. ಸಾಲಿನ ಗುಣ ನೋಡಿ. ನಿಮ್ಮ ಹೆಗಲ ಮೇಲೆ ಕೈ ಇಟ್ಟವನು ನಿಮ್ಮ ಗೆಳೆಯನೇ ಆಗಬೇಕಿಲ್ಲ. ವರ್ಷವಿಡೀ ನೀವು ಮಾತಾಡಿಸದ ಹುಡುಗನೂ ಇರಬಹುದು. ಆದರೂ ಆ ಕೈಯ ಭಾರ ಹೆಗಲಿಗೆ ಗೊತ್ತಾಗುತ್ತದೆ.

ಡೆನ್ಮಾರ್ಕಿನಲ್ಲಿ ಇನ್ನೂ ಚೆಂದ. ಪರೀಕ್ಷೆ ಮುಗಿದ ಮೇಲೆ ಇಡೀ ತರಗತಿ ಒಂದು ಲಾರಿ ಹತ್ತುತ್ತದೆ. ಎಲ್ಲರ ತಲೆಯ ಮೇಲೂ ಬಿಳಿ ಟೋಪಿ. ಲಾರಿ ಹೊರಟು ಒಬ್ಬೊಬ್ಬರ ಮನೆ ಮುಂದೆಯೂ ನಿಲ್ಲುತ್ತದೆ. ಮನೆಯವರು ಏನಾದರೂ ತಿನ್ನಲು, ಕುಡಿಯಲು ಕೊಡುತ್ತಾರೆ. ಸ್ವಲ್ಪ ಹೊತ್ತು ಗದ್ದಲ, ಮತ್ತೆ ಲಾರಿ ಹತ್ತುವುದು, ಮುಂದಿನ ಮನೆ. ಬೆಳಗ್ಗೆ ಹೊರಟರೆ ಮುಗಿಯುವಾಗ ರಾತ್ರಿ. ಯೋಚಿಸಿ ನೋಡಿ, ಮೂರು ವರ್ಷ ಪಕ್ಕದ ಬೆಂಚಿನಲ್ಲಿ ಕೂತವನ ಮನೆ ಹಲವರು ಅವತ್ತೇ ಮೊದಲ ಸಲ ನೋಡುತ್ತಾರೆ. ಇವನ ಅಮ್ಮ ಇವರು, ಇವನು ದಿನಾ ಇಷ್ಟು ದೂರದಿಂದ ಬರುತ್ತಿದ್ದ ಎಂದು ಗೊತ್ತಾಗುವುದು ಆಗ. ಚಿಕ್ಕ ಮನೆಯ ಮಗುವಿಗೆ ಸಂಕೋಚ ಆಗದೇ ಇರುವುದಿಲ್ಲ, ಅದೂ ನಿಜ. ಆದರೂ ಲಾರಿ ಯಾರ ಮನೆಯನ್ನೂ ಬಿಟ್ಟು ಹೋಗುವುದಿಲ್ಲ.

ಈಗ ಆರಿಸುವ ಕಡೆಗೆ ಬರೋಣ. ನಾರ್ವೆಯಲ್ಲಿ ಕೊನೆಯ ವರ್ಷದವರನ್ನು ರುಸ್ ಎನ್ನುತ್ತಾರೆ. 1905ರಿಂದ ಕೆಂಪು ಟೋಪಿ ಬಳಕೆಯಲ್ಲಿದೆ. ಈಗ ಟೋಪಿಯ ಜೊತೆ ಕೆಂಪು ಇಲ್ಲವೇ ನೀಲಿ ಪ್ಯಾಂಟು. ಮೇ 17, ಅವರ ರಾಷ್ಟ್ರೀಯ ದಿನದ ಮೆರವಣಿಗೆಯೊಂದಿಗೆ ಸಂಭ್ರಮ ಮುಗಿಯುತ್ತದೆ. ಅದರಲ್ಲಿ ಒಂದು ಮುದ್ದಾದ ಪದ್ಧತಿ ಇದೆ. ಪ್ರತಿ ರುಸ್ ತನ್ನ ಫೋಟೋ, ಒಂದು ತಮಾಷೆಯ ಸಾಲು ಇರುವ ಪುಟ್ಟ ಕಾರ್ಡು ಮುದ್ರಿಸಿಕೊಂಡಿರುತ್ತಾನೆ. ಚಿಕ್ಕ ಮಕ್ಕಳು ಬೀದಿಯಲ್ಲಿ ಬೆನ್ನು ಹತ್ತಿ ಕಾರ್ಡು ಕೇಳುತ್ತಾರೆ, ಕೂಡಿಡುತ್ತಾರೆ, ಎಷ್ಟಾಯಿತು ಎಂದು ಎಣಿಸುತ್ತಾರೆ. ಹದಿನೆಂಟರ ಹುಡುಗನೊಬ್ಬ ಏಳು ವರ್ಷದ ಮಗುವಿಗೆ ಬಗ್ಗಿ ಕಾರ್ಡು ಕೊಡುವುದರಲ್ಲಿ ಎಷ್ಟು ಒಳ್ಳೆಯತನ ಇದೆ ಅಲ್ವಾ?

ಆದರೆ ಅದೇ ನಾರ್ವೆಯಲ್ಲಿ ಬಸ್ಸುಗಳೂ ಇವೆ. ಒಂದೊಂದು ಗೆಳೆಯರ ಗುಂಪು ಸೇರಿ ಒಂದು ಬಸ್ಸು ಮಾಡಿಕೊಳ್ಳುತ್ತದೆ. ಬಣ್ಣ ಬಳಿಸಿ, ದೊಡ್ಡ ಸ್ಪೀಕರು ಹಾಕಿಸಿ, ರಾತ್ರಿಯೆಲ್ಲ ತಿರುಗುತ್ತದೆ. ಖರ್ಚು ಲಕ್ಷಾಂತರ ಕ್ರೋನರ್. ಇದಕ್ಕಾಗಿ ಗುಂಪು ಕಟ್ಟುವುದು ವರ್ಷಗಳ ಮೊದಲೇ ಶುರುವಾಗುತ್ತದೆ. ಯಾರು ಬಸ್ಸಿನೊಳಗೆ, ಯಾರು ಹೊರಗೆ ಎಂಬುದು ಅಷ್ಟು ಬೇಗ ತೀರ್ಮಾನವಾಗುತ್ತದೆ. ಹಾಗಾಗಿ ಕೊನೆಯ ತಿಂಗಳ ಸಂತೋಷ ಮೊದಲ ವರ್ಷದಲ್ಲೇ ಕೆಲವರಿಗೆ ಬಾಗಿಲು ಮುಚ್ಚುತ್ತದೆ. ಈ ಬಗ್ಗೆ ಅಲ್ಲಿನ ಪೋಷಕರು, ಶಾಲೆಗಳು, ಸರ್ಕಾರ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ. ಕಾರ್ಡಿಗೆ ಯಾವ ಮಗುವಾದರೂ ಕೈ ಚಾಚಬಹುದು. ಬಸ್ಸಿಗೆ ಮೊದಲು ಯಾರಾದರೂ ಕರೆಯಬೇಕು, ಆಮೇಲೆ ಮನೆಯಲ್ಲಿ ದುಡ್ಡಿರಬೇಕು.

ಅಮೆರಿಕದ ಪ್ರಾಮ್, ಅಂದರೆ ಹೈಸ್ಕೂಲಿನ ಕೊನೆಯಲ್ಲಿ ನಡೆಯುವ ನೃತ್ಯಸಂಜೆ, ನಿಮಗೆ ಗೊತ್ತೇ ಇದೆ. ಪ್ರಾಮನೇಡ್ ಎಂಬ ಪದದಿಂದ ಬಂದ ಹೆಸರು, ಅಂದರೆ ಸಾಲಾಗಿ ನಡೆಯುವುದು. ಅಲ್ಲೂ ಹುಟ್ಟಿನಲ್ಲಿ ನಡಿಗೆಯೇ ಇತ್ತು. ಮಿಸಿಸಿಪ್ಪಿ ರಾಜ್ಯದ ಚಾರ್ಲ್ಸ್‌ಟನ್ ಎಂಬ ಸಣ್ಣ ಊರಿನ ಕಥೆ ಹೇಳುತ್ತೇನೆ. 1970ರಲ್ಲಿ ಅಲ್ಲಿ ಕಪ್ಪು, ಬಿಳಿ ಮಕ್ಕಳು ಒಂದೇ ಶಾಲೆಗೆ ಬಂದರು. ಒಟ್ಟಿಗೆ ಓದಿದರು, ಒಟ್ಟಿಗೆ ಆಡಿದರು. ಆದರೆ ಕೊನೆಯ ವರ್ಷದ ನೃತ್ಯಸಂಜೆ ಮಾತ್ರ ಎರಡು, ಬೇರೆ ಬೇರೆ. ಇದು ಶಾಲೆಯದ್ದಲ್ಲ, ಪೋಷಕರು ಮಾಡುವ ಖಾಸಗಿ ಪಾರ್ಟಿ ಎನ್ನುವ ಸಮಜಾಯಿಷಿ. ಆ ಊರಿನಲ್ಲಿ ಬೆಳೆದ ನಟ ಮಾರ್ಗನ್ ಫ್ರೀಮನ್ 1997ರಲ್ಲಿ, ಎಲ್ಲರಿಗೂ ಸೇರಿ ಒಂದೇ ಪ್ರಾಮ್ ಮಾಡಿ, ಖರ್ಚು ನಾನು ಕೊಡುತ್ತೇನೆ ಎಂದರು. ಆಗ ಯಾರೂ ಒಪ್ಪಲಿಲ್ಲ. 2008ರಲ್ಲಿ ಅವರು ಮತ್ತೆ ಕೇಳಿದರು, ಈ ಸಲ ಒಪ್ಪಿದರು. ಅವತ್ತು ಮೊದಲ ಸಲ ಮಕ್ಕಳು ಒಂದೇ ಕೋಣೆಯಲ್ಲಿ ಕುಣಿದರು. ಆ ವರ್ಷವೂ ಕೆಲವು ಬಿಳಿಯ ಪೋಷಕರು ತಮ್ಮ ಮಕ್ಕಳಿಗೆ ಬೇರೆಯೇ ಪಾರ್ಟಿ ಮಾಡಿದರು.

ಜಾರ್ಜಿಯಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯಲ್ಲಿ 2013ರವರೆಗೂ ಇದೇ ಪರಿಸ್ಥಿತಿ. ಅಲ್ಲಿ ಬದಲಾಯಿಸಿದ್ದು ನಾಲ್ವರು ವಿದ್ಯಾರ್ಥಿನಿಯರು, ಇಬ್ಬರು ಬಿಳಿ, ಇಬ್ಬರು ಕಪ್ಪು, ಚಿಕ್ಕಂದಿನ ಗೆಳತಿಯರು. ದುಡ್ಡು ಕೂಡಿಸಿ ತಾವೇ ಎಲ್ಲರ ಪ್ರಾಮ್ ಮಾಡಿದರು. ಶಾಲೆ ಒಟ್ಟುಗೂಡಿ ನಲವತ್ತು ವರ್ಷ ದಾಟಿದ್ದರೂ ದೊಡ್ಡವರು ಮಾಡದ ಕೆಲಸವನ್ನು ಹದಿನೇಳು, ಹದಿನೆಂಟರ ಹುಡುಗಿಯರು ಮಾಡಿದರು. ಈ ಕಥೆ ಹೇಳುವಾಗೆಲ್ಲ ನನಗೆ ಸಿಟ್ಟೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಹಾಗಂತ ಆರಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಜಪಾನಿನಲ್ಲಿ ಒಂದು ಹಳೆಯ ಪದ್ಧತಿ ಇದೆ. ಕೊನೆಯ ದಿನ ಹುಡುಗಿ ತನಗೆ ಇಷ್ಟವಾದ ಹುಡುಗನ ಹತ್ತಿರ ಹೋಗಿ ಅವನ ಕಪ್ಪು ಸಮವಸ್ತ್ರದ ಎರಡನೇ ಗುಂಡಿ ಕೇಳುತ್ತಾಳೆ. ಎರಡನೆಯದೇ ಯಾಕೆ? ಅದು ಎದೆಗೆ ಹತ್ತಿರ. ಕೆಲವು ಹುಡುಗರು ಗುಂಡಿಯೇ ಇಲ್ಲದ ಕೋಟು ಹಾಕಿಕೊಂಡು ಮನೆಗೆ ಹೋಗುತ್ತಾರೆ. ಎಲ್ಲ ಗುಂಡಿಯೂ ಇದ್ದ ಹಾಗೇ ಇರುವ ಕೋಟಿನಲ್ಲಿ ಹೋಗುವವರು ಎಷ್ಟೋ ಮಂದಿ. ಆ ಬೇಸರ ಬದುಕಿನ ಭಾಗ, ಅದನ್ನು ಯಾವ ಶಾಲೆಯೂ ತಪ್ಪಿಸಲಾಗದು, ತಪ್ಪಿಸಲೂಬಾರದು. ಇಷ್ಟ ಪಡುವುದು ಇಬ್ಬರ ನಡುವಿನ ವಿಷಯ. ಶಾಲೆಯ ಹೆಸರಿನಲ್ಲಿ ನಡೆಯುವುದು ಮಾತ್ರ ಎಲ್ಲರದ್ದೂ ಆಗಿರಬೇಕು.

ಇಷ್ಟು ದೇಶ ಸುತ್ತಿದ್ದಕ್ಕೆ ಒಂದು ಕಾರಣ ಇದೆ. ಅದು ನನ್ನದೇ ತಪ್ಪು, ಹೇಳಿಬಿಡುತ್ತೇನೆ. ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಕೊನೆಯ ವರ್ಷದ ಮಕ್ಕಳು ಎಲ್ಲರೂ ಒಂದೇ ಥರದ ಟೀಶರ್ಟು ಮಾಡಿಸಿಕೊಂಡರು. ಹಿಂದೆ ಎಲ್ಲರ ಹೆಸರು. ಗ್ರೂಪ್ ಫೋಟೋವನ್ನು ಅದೇ ಟೀಶರ್ಟಿನಲ್ಲಿ ತೆಗೆಸಬೇಕು ಎಂದು ತೀರ್ಮಾನವಾಯಿತು. ನಾನು ತಲೆ ಆಡಿಸಿದೆ. ಮೂವರು ದುಡ್ಡು ಕೊಟ್ಟಿರಲಿಲ್ಲ. ಕೊಡಲು ಅವರ ಮನೆಯಲ್ಲಿ ಇರಲಿಲ್ಲ. ಫೋಟೋ ದಿನ ನಾನೇ ಸಾಲು ನಿಲ್ಲಿಸಿದೆ, ನೀನು ಎತ್ತರ ಇದ್ದೀಯ ಹಿಂದೆ ಹೋಗು, ನೀನು ಮುಂದೆ ಕೂತುಕೋ ಎಂದು. ಆ ಮೂವರು ಕ್ಯಾಮೆರಾ ಹಿಂದೆ ನಿಂತಿದ್ದರು. ಒಬ್ಬಳ ತೋಳಿನಲ್ಲಿ ಗೆಳತಿಯರ ಬ್ಯಾಗುಗಳು. ಇನ್ನೊಬ್ಬನ ಕೈಯಲ್ಲಿ ಯಾರದೋ ಕನ್ನಡಕ. ನಾನು ಅವರನ್ನು ನೋಡಿದೆ. ಏನೂ ಹೇಳಲಿಲ್ಲ. ಬಿಸಿಲು ಏರುತ್ತಿತ್ತು, ಬೇಗ ಮುಗಿಸಬೇಕಿತ್ತು.

ಆ ಫೋಟೋ ನನ್ನ ಹತ್ತಿರ ಇದೆ. ಬಹಳ ಒಳ್ಳೆಯ ಫೋಟೋ. ಸಾಮಾನ್ಯವಾಗಿ ಗ್ರೂಪ್ ಫೋಟೋದಲ್ಲಿ ಮುಖಗಳು ಬಿಗಿದುಕೊಂಡಿರುತ್ತವೆ, ಇದರಲ್ಲಿ ಎಲ್ಲರೂ ಬಾಯಿ ತುಂಬ ನಗುತ್ತಿದ್ದಾರೆ, ಎಲ್ಲರ ಕಣ್ಣೂ ಸ್ವಲ್ಪ ಎಡಕ್ಕಿದೆ. ಅವರು ನೋಡುತ್ತಿರುವುದು ಕ್ಯಾಮೆರಾ ಪಕ್ಕದಲ್ಲಿ ನಿಂತ ಮೂರನೆಯ ಹುಡುಗನನ್ನು. ಅವನು ಮುಖ ಸೊಟ್ಟ ಮಾಡಿ ಅವರನ್ನು ನಗಿಸುತ್ತಿದ್ದ.

ಮುಂದಿನ ವರ್ಷದಿಂದ ಗ್ರೂಪ್ ಫೋಟೋ ದಿನಾ ಹಾಕುವ ಬಟ್ಟೆಯಲ್ಲೇ ತೆಗೆಸಿದೆವು. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು ಹೆಸರು ಕೂಗಿ ಒಬ್ಬೊಬ್ಬರನ್ನೇ ನಿಲ್ಲಿಸಿದೆ. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಅವಳಿಗೆ ಜ್ವರ ಎಂದರು. ಮಕ್ಕಳು ನನ್ನ ಮುಖ ನೋಡಿದರು. ಫೋಟೋಗ್ರಾಫರ್‌ಗೆ ಕೈ ಮುಗಿದು, ಮೂರು ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದೆ.